ಸೀರೆ ಉಡಿಕೆ

ನಮ್ಮಲ್ಲಿ ಬಿಡುಗಡೆ, ಮರುಮದುವೆ ಬಂದದ್ದು 1955ರ ಹಿಂದೂ ವಿವಾಹ ಕಾಯ್ದೆಯಿಂದ ಎಂದು ಅನೇಕರ ತಿಳಿವಳಿಕೆ. ಹಳೆ ಮೈಸೂರಿನ ಎಷ್ಟೋ ಒಕ್ಕಲು ಜಾತಿಗಳಲ್ಲಿ ಗಂಡನನ್ನು ಬಿಟ್ಟವಳಿಗೂ ವಿಧವೆಗೂ 'ಕೂಡಿಕೆ' ಇತ್ತು, ಎಚ್. ವಿ. ನಂಜುಂಡಯ್ಯನವರ ಜಾತಿ ಸಮೀಕ್ಷೆಯಲ್ಲಿ ವಿವರವಿದೆ. ಹೊಸಬ ಕೊಟ್ಟ ಸೀರೆ ಉಟ್ಟರಾಯಿತು. ರೂಢಿಯ ಇಂಥ ಬಿಡುಗಡೆಯನ್ನು ಕಾಯ್ದೆಯ 29ನೇ ಕಲಮೂ ಉಳಿಸಿತು. ಆದರೆ ಶಾಸ್ತ್ರ ಕತ್ತಲಾದ ಮೇಲೆ. ಮುತ್ತೈದೆಯರು ಹತ್ತಿರ ಸುಳಿಯುತ್ತಿರಲಿಲ್ಲ. ಬಾಳು ಕೊಟ್ಟು ಮಾನ ಹಿಡಿದಿಟ್ಟುಕೊಂಡ ಔದಾರ್ಯ!

ವಿಚ್ಛೇದನವಾಗಿ ಆರು ವರ್ಷಕ್ಕೆ ತಿಪಟೂರಿಗೆ ವರ್ಗವಾಗಿ ಬಂದೆ. ಹೆಂಡತಿಯನ್ನು ಕಳೆದುಕೊಂಡಿದ್ದ ಪಕ್ಕದ ಮನೆಯವರು ಅಟ್ಟದ ಕಾಯಿ ಅಲ್ಲಾಡಿಸಿ, ಕೊಬ್ಬರಿಯಾದ ಸದ್ದು ಕೇಳಿಸಿದರು. ನಗುವುದು ಮರೆತೇಹೋಗಿತ್ತು, ನಕ್ಕೆ. ಮರುವರ್ಷ ಅವರನ್ನೇ ಮದುವೆಯಾದೆ, ಹಾಡಹಗಲೇ. ಆರತಿ ಎತ್ತಿದ ಅವರ ಅತ್ತಿಗೆ ಕಣ್ಣೊರೆಸಿಕೊಂಡರು: "ನಮ್ಮಜ್ಜಿದು ಕೂಡಿಕೆ. ಅವಳಿಗೆ ಯಾರೂ ಎತ್ತಲಿಲ್ಲ ಕಣಮ್ಮ."