ನೀರಿನೊಳಗಿನ ಕ್ಯಾಮೆರಾಕ್ಕೆ ಎರಡು ಹಿಡಿ

ನೀರಿನೊಳಗಿನ ಛಾಯಾಗ್ರಹಣ ಹೊಸದೆಂದು ಭಾವಿಸಿದ್ದೀರಾ? 1893ರಲ್ಲಿಯೇ ಫ್ರಾನ್ಸಿನ ಜೀವವಿಜ್ಞಾನಿ ಲೂಯಿ ಬೂತಾನ್ ಮೆಡಿಟರೇನಿಯನ್ ಸಮುದ್ರಕ್ಕೆ ಕ್ಯಾಮೆರಾ ಇಳಿಸಿದ್ದರು. ಒಂದು ಚಿತ್ರಕ್ಕೆ ಅರ್ಧ ಗಂಟೆಯವರೆಗೂ ಬೆಳಕು ಬೀಳಬೇಕಿತ್ತು. ಭಾರವಾದ ಆ ಪೆಟ್ಟಿಗೆಯನ್ನು ಸಮುದ್ರತಳದಲ್ಲಿ ಅಲುಗದಂತೆ ನಿಲ್ಲಿಸುತ್ತಿದ್ದರು.

1963ರ ನಿಕೊನೋಸ್ ಕ್ಯಾಮೆರಾ ಮುಳುಗುಗಾರರ ಕೈಗೆ ಬಂತು. 2004ರ ಗೋಪ್ರೊ ಮಣಿಕಟ್ಟಿಗೇ ಕಟ್ಟುವಷ್ಟು ಚಿಕ್ಕದು. ಮುಂದೆ ಇಂಥ ಕ್ಯಾಮೆರಾಗಳು ವಿಡಿಯೊ ತೆಗೆಯತೊಡಗಿದಾಗ ಹಗುರತನವೇ ತೊಡಕಾಯಿತು: ಕೈ ಕೊಂಚ ಹೊರಳಿದರೂ ಚಿತ್ರ ನಡುಗುತ್ತದೆ.

ಪರಿಹಾರ ಸರಳ. ಅಗಲವಾದ ಅಲ್ಯೂಮಿನಿಯಂ ಪಟ್ಟಿಯ ನಡುವೆ ಕ್ಯಾಮೆರಾ, ಎರಡು ತುದಿಗಳಲ್ಲಿ ಹಿಡಿಗಳು. ಹಗ್ಗದ ಮೇಲೆ ನಡೆಯುವವರ ಕೈಯಲ್ಲಿರುವ ಉದ್ದನೆಯ ಕೋಲು ನೆನಪಿದೆಯೆ? ರಾಶಿ ನಡುವಿನಿಂದ ದೂರವಿದ್ದಷ್ಟೂ ಹೊರಳಿಸುವುದು ಕಷ್ಟ. ಹಿಡಿಗಳ ಮೇಲೆ ದೀಪಗಳನ್ನು ಕೂರಿಸಿದರೆ ಇನ್ನೊಂದು ಲಾಭ: ಬೆಳಕು ಓರೆಯಾಗಿ ಬೀಳುವುದರಿಂದ ತೇಲುವ ಕಣಗಳು ಮಸೂರದತ್ತ ಹೊಳೆಯುವುದು ಕಡಿಮೆ. ಬೂತಾನರಿಗೆ ಭಾರ ಕೊಟ್ಟ ಸ್ಥಿರತೆಯನ್ನು ಇಂದು ಅಗಲ ಕೊಡುತ್ತಿದೆ.