ದೀರ್ಘಶಾಂತಿಯ ಬೆಳೆ: ಕನ್ನಡ ಕ್ರೈಸ್ತ ಸಾಧನೆಯ ನಾಲ್ಕು ಶತಮಾನ

ಸೊರಬ ತಾಲ್ಲೂಕಿನ ಗುಡವಿ ಕೆರೆಗೆ ಮಳೆ ಹಿಡಿದ ಮೇಲೆ ಬೆಳ್ಳಕ್ಕಿ, ಕೆಂಬರಲು, ನೀರುಕಾಗೆಗಳು ಬರುತ್ತವೆ. ನೀರಲ್ಲಿ ನಿಂತ ಮರಗಳಲ್ಲಿ ಗೂಡು ಕಟ್ಟಿ, ಮರಿ ಹಾರುವ ತನಕ ಕಾದು, ಆಮೇಲೆ ಹೊರಡುತ್ತವೆ. ಸುತ್ತಲಿನ ಅಡಿಕೆ ತೋಟದವರಿಗೂ ಕಾಯುವುದು ಹೊಸತಲ್ಲ. ಸಸಿ ನೆಟ್ಟವರು ಮೊದಲ ಗೊನೆ ನೋಡಲು ಐದಾರು ವರ್ಷ ಬೇಕು. ಪಕ್ಕದ ಶಿಕಾರಿಪುರ ಸೀಮೆಯಲ್ಲಿ ಅಲ್ಲಮನ ಬಳ್ಳಿಗಾವಿಯಿದೆ, ಅಕ್ಕನ ಉಡುತಡಿಯಿದೆ. ಭಕ್ತನಿಂದ ಐಕ್ಯದವರೆಗೆ ಆರು ಸ್ಥಲಗಳನ್ನು ಒಂದೊಂದಾಗಿ ಏರಬೇಕೆಂಬ ಶರಣರ ಮಾತು ಬೇರುಬಿಟ್ಟ ನೆಲವಿದು. ಒಳಗಿನ ಬೆಳವಣಿಗೆ ನಿಧಾನದ ಕೆಲಸ ಎಂಬುದನ್ನು ಇಲ್ಲಿಯ ಕನ್ನಡ ಎಂಟು ಶತಮಾನಗಳಿಂದ ಬಲ್ಲದು.

ಈ ಕನ್ನಡದಲ್ಲೇ ಕ್ರೈಸ್ತರು ತಮ್ಮ ಆತ್ಮಿಕ ಬೆಳವಣಿಗೆಯನ್ನು ಹೇಳಿಕೊಳ್ಳಲು ಕಲಿತದ್ದು ಹೇಗೆ? ಆ ಕಲಿಕೆಯೂ ನಿಧಾನವಾಗಿಯೇ ಆಯಿತು.

ಮೊದಲ ಹೆಜ್ಜೆ ಶ್ರೀರಂಗಪಟ್ಟಣದ್ದು. ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಮಿ 17ನೇ ಶತಮಾನದ ನಡುವಿನಲ್ಲಿ ಅಲ್ಲಿಗೆ ಬಂದು ಮೈಸೂರು ಮಿಷನ್ ಆರಂಭಿಸಿದರು. ಕನ್ನಡ ಕಲಿತು ಧರ್ಮೋಪದೇಶದ ಪುಸ್ತಕ ಬರೆದರು. ಆ ಕಾಲದ ಪಾಠ ಹೆಚ್ಚಾಗಿ ಪ್ರಶ್ನೋತ್ತರ ರೂಪದ್ದು. ಕಂಠಪಾಠ ಮಾಡಿ ಒಪ್ಪಿಸಿದರೆ ದೀಕ್ಷೆ. ನಂಬಿಕೆಯ ಬಾಗಿಲು ತೆರೆಯಲು ಅದು ಸಾಕಿತ್ತು. ಒಳಹೊಕ್ಕವರು ಮುಂದಿನ ಮೂವತ್ತು, ನಲವತ್ತು ವರ್ಷ ಬದುಕುವುದು ಹೇಗೆ ಎಂಬುದಕ್ಕೆ ಅಲ್ಲಿ ಹೆಚ್ಚಿನ ಉತ್ತರವಿರಲಿಲ್ಲ.

ದೀಕ್ಷೆ ಪಡೆದವರ ತಲೆ ಎಣಿಸುವ ಕಣ್ಣು ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬ್ವಾ ಸಾಕ್ಷಿ. 1792ರಲ್ಲಿ ಭಾರತಕ್ಕೆ ಬಂದ ಅವರು ಶ್ರೀರಂಗಪಟ್ಟಣದ ಪತನದ ನಂತರ ಮೈಸೂರು ಸೀಮೆಯಲ್ಲಿ ದುಡಿದರು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸಿದರು, ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಕಟ್ಟಿಕೊಟ್ಟರು. ಆದರೂ 1823ರಲ್ಲಿ ಊರಿಗೆ ಮರಳುವ ಹೊತ್ತಿಗೆ ಭಾರತದಲ್ಲಿ ಕ್ರೈಸ್ತಧರ್ಮಕ್ಕೆ ಭವಿಷ್ಯವಿಲ್ಲವೆಂದು ಅವರ ಮನಸ್ಸು ತೀರ್ಮಾನಿಸಿತ್ತು, ಅದನ್ನು ಪುಸ್ತಕವಾಗಿಯೂ ಅಚ್ಚು ಹಾಕಿಸಿದರು. ಮೂರು ದಶಕ ಹೊಲ ಉತ್ತವರ ಆ ನಿರಾಶೆಯನ್ನು ಹಗುರಾಗಿ ಕಾಣಬಾರದು. ಆದರೆ ಅವರ ತೀರ್ಮಾನ ತಪ್ಪಾಗಿತ್ತು.

ಏಕೆಂದರೆ ಅದೇ ಹೊತ್ತಿಗೆ ಬಳ್ಳಾರಿಯಲ್ಲಿ ಬೇರೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಿಂದ ಅಲ್ಲಿದ್ದು, ಜೊತೆಗಾರರೊಡನೆ ಬೈಬಲನ್ನು ಕನ್ನಡಕ್ಕೆ ತಂದರು. ಇಡೀ ಗ್ರಂಥ ಮುಗಿಯಲು ಸುಮಾರು 20 ವರ್ಷ ಹಿಡಿಯಿತು. ಆಮೇಲೂ ಪರಿಷ್ಕರಣೆ ನಿಲ್ಲಲಿಲ್ಲ. ಸತ್ಯವೇದ ಎಂದು ಕನ್ನಡ ಮನೆಗಳಲ್ಲಿ ನೆಲೆಯಾದ ಬೈಬಲಿನಲ್ಲಿ, ಪೌಲನು ಗಲಾತ್ಯದವರಿಗೆ ಬರೆದ ಪತ್ರದ ಐದನೇ ಅಧ್ಯಾಯದಲ್ಲಿ, ಪವಿತ್ರಾತ್ಮನ ಫಲಗಳ ಸಾಲಿನಲ್ಲಿ ‘ದೀರ್ಘಶಾಂತಿ’ ಎಂಬ ಮಾತು ಬರುತ್ತದೆ. ಅದೇ ಸಾಲಿನ ಕೊನೆಗೆ ‘ಶಮೆದಮೆ’, ಅಂದರೆ ಮನಸ್ಸು, ಇಂದ್ರಿಯಗಳ ಹತೋಟಿ. ಒಂದರಲ್ಲಿ ತಾಳ್ಮೆ ಕಾಲದ ಉದ್ದವನ್ನು ಹೊತ್ತಿದೆ, ಇನ್ನೊಂದು ಈ ನೆಲದ ಯೋಗಿಗಳ ಬಾಯಿಂದಲೇ ಬಂದದ್ದು. ಅನುವಾದಕರ ಹತ್ತು ಪ್ರವಚನಗಳಿಗಿಂತ ಈ ಎರಡು ಪದಗಳು ಹೆಚ್ಚು ಕೆಲಸ ಮಾಡಿವೆ.

1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು, ಮೂರು ವರ್ಷಕ್ಕೆ ಧಾರವಾಡ ಮುಟ್ಟಿತು. ಮೊದಲ ಕನ್ನಡ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಈ ಮಿಷನ್ನಿನವರೇ. ಜಾನ್ ಬನಿಯನ್ನನ ಕಥೆ ‘ಯಾತ್ರಿಕನ ಸಂಚಾರ’ವಾಗಿ ಕನ್ನಡಕ್ಕೆ ಬಂದದ್ದೂ ಆ ದಶಕದಲ್ಲಿ, ಈ ಬಳಗದಿಂದಲೇ. ನಂಬಿಕೆಯ ಬದುಕು ಒಂದು ದಿನದ ದೀಕ್ಷೆಯಲ್ಲಿ ಮುಗಿಯುವುದಿಲ್ಲ, ಅದೊಂದು ಉದ್ದನೆಯ ಕಾಲ್ನಡಿಗೆ ಎಂದು ಕನ್ನಡ ಓದುಗರಿಗೆ ಕಥೆಯಾಗಿ ಹೇಳಿದ ಮೊದಲ ಪುಸ್ತಕಗಳಲ್ಲಿ ಅದೂ ಒಂದು. 1844ರಲ್ಲಿ ದೀಕ್ಷೆ ಪಡೆದ ಆನಂದರಾವ್ ಕೌಂಡಿನ್ಯರು ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದರು. ಅವರು ಕಲಿಸಿದ ಮಂಗಳೂರಿನ ಸೆಮಿನರಿಯ ಪರಂಪರೆ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮುಂದುವರಿದಿದೆ.

ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಬಂದವರು. 1862ರಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿಗೆ ಇಳಿಸಿ ‘ಕಥಾಮಾಲೆ’ ಕೊಟ್ಟರು. ಸುಮಾರು 70,000 ಪದಗಳ ಅವರ ನಿಘಂಟು ಹೊರಬಂದದ್ದು 1894ರಲ್ಲಿ. ಅವರನ್ನು ನಿಘಂಟುಕಾರರೆಂದೇ ನೆನೆಯುವುದು ರೂಢಿ. ಆದರೆ ಬಂದ ನೆಲದ ಮಾತಿಗೆ ನಾಲ್ಕು ದಶಕ ಕಿವಿಗೊಟ್ಟ ಆ ಬದುಕನ್ನು ಆತ್ಮಿಕ ಸಾಧನೆಯ ಚರಿತ್ರೆಯಲ್ಲೂ ಸೇರಿಸಬೇಕು.

ಈ ಎಲ್ಲ ಎಳೆಗಳು ಕೂಡಿದ್ದು ಉತ್ತಂಗಿ ಚನ್ನಪ್ಪನವರಲ್ಲಿ (1881–1962). ಧಾರವಾಡದವರಾದ ಅವರು ಪಾದ್ರಿಯಾಗಿ ಹೂವಿನಹಡಗಲಿಯಲ್ಲಿ ಬಹುಕಾಲ ಸೇವೆ ಮಾಡಿದರು. ಹಳೆಯ ಪ್ರತಿಗಳನ್ನು ಹುಡುಕಿ ಕೂಡಿಹಾಕಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿದರು. ಆ ಸರ್ವಜ್ಞ ಶಿಕಾರಿಪುರದ ನೆರೆಯ ಹಿರೇಕೆರೂರು ಸೀಮೆಯವನೆಂಬುದು ಪ್ರತೀತಿ. ಸಿದ್ಧರಾಮನ ಸಾಹಿತ್ಯ, ಅನುಭವಮಂಟಪದ ಐತಿಹಾಸಿಕತೆ ಅವರ ಮುಂದಿನ ಕೆಲಸಗಳು. ಕಲಬುರಗಿಯಲ್ಲಿ 1949ರಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರದು. ಜನ ಅವರನ್ನು ತಿರುಳ್ಗನ್ನಡದ ತಿರುಕ ಎಂದು ಕರೆದರು. ಕ್ರಿಸ್ತನನ್ನು ಬಿಡದೆ ಶರಣರ ಎದುರು ವಿದ್ಯಾರ್ಥಿಯಾಗಿ ಕೂತ ಈ ಪಾದ್ರಿಯಲ್ಲಿ ಕನ್ನಡ ಕ್ರೈಸ್ತ ಅನುಭಾವ ಮಾಗಿತು. ಅವರಷ್ಟು ಆಳಕ್ಕೆ ಇಳಿದವರು ಆಮೇಲೆ ವಿರಳ.

ಕಥೋಲಿಕರಲ್ಲಿ ತಿರುವು ಕೊಟ್ಟದ್ದು 1962ರಿಂದ 1965ರವರೆಗಿನ ಎರಡನೇ ವ್ಯಾಟಿಕನ್ ಮಹಾಸಭೆ. ಲ್ಯಾಟಿನ್ನಿನ ಪೂಜೆ ಕನ್ನಡಕ್ಕೆ ಬಂತು. ವಯಸ್ಕರು ಹಂತಹಂತವಾಗಿ ದೀಕ್ಷೆಗೆ ಸಿದ್ಧರಾಗುವ ಆದಿಸಭೆಯ ಪದ್ಧತಿಯನ್ನು ರೋಮ್ 1972ರಲ್ಲಿ ಮತ್ತೆ ಜಾರಿಗೆ ತಂದಿತು. ಡಿ.ಎಸ್. ಅಮಲೋರ್ಪವದಾಸ್ 1979ರಲ್ಲಿ ಮೈಸೂರಿನಲ್ಲಿ ಅಂಜಲಿ ಆಶ್ರಮ ಕಟ್ಟಿ, ಮೌನ ಮತ್ತು ಧ್ಯಾನಕ್ಕೆ ಭಾರತೀಯ ರೂಪ ಕೊಟ್ಟರು. ಮಲೆನಾಡಿನ ಕಥೋಲಿಕರಿಗೆ ಶಿವಮೊಗ್ಗ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 1988ರಲ್ಲಿ.

ಈಗಿನ ಒಲವು ಬೇರೆ. ಎರಡು ದಿನದ ಧ್ಯಾನಕೂಟ, ಒಂದೇ ರಾತ್ರಿಯ ಜಾಗರಣೆ, ಮೊಬೈಲಿನ ಮೂರು ನಿಮಿಷದ ಸಂದೇಶ. ಇವು ಎಷ್ಟೋ ಜನರನ್ನು ಎಬ್ಬಿಸಿವೆ, ನಿಜ. ಎದ್ದವರನ್ನು ನಡೆಸುವ ಪುಸ್ತಕ, ಗುರು, ಒಡನಾಟ ಕನ್ನಡದಲ್ಲಿ ಸಾಲದು. ಮಾರ್ಕನ ಸುವಾರ್ತೆಯ ಬಿತ್ತನೆಗಾರ ಬೀಜ ಹಾಕಿ ಮಲಗುತ್ತಾನೆ, ಏಳುತ್ತಾನೆ, ಪೈರು ಅವನಿಗರಿಯದ ಹಾಗೆ ಬೆಳೆಯುತ್ತದೆ. ಲೂಕನ ಅಂಜೂರದ ಮರಕ್ಕೆ ತೋಟಗಾರ ಇನ್ನೊಂದು ವರ್ಷ ಬೇಡಿ, ಬುಡ ಅಗೆದು ಗೊಬ್ಬರ ಹಾಕುತ್ತೇನೆ ಎನ್ನುತ್ತಾನೆ. ಸೊರಬದ ತೋಟದವನಿಗೆ ಈ ಎರಡು ಕಥೆಗಳಿಗೆ ವ್ಯಾಖ್ಯಾನ ಬೇಕಿಲ್ಲ.

ಶಿಕಾರಿಪುರ, ಸೊರಬ, ಸಾಗರಗಳ ಸಭೆಗಳಲ್ಲಿ ಓದುಗೂಟ ನಡೆಸುವವರು ಉತ್ತಂಗಿಯವರ ಪುಸ್ತಕಗಳಿಂದ ಶುರುಮಾಡಲಿ. ಕಪಾಟಿನಲ್ಲಿ ಹಳೆಯ ಪ್ರತಿ ಇಟ್ಟುಕೊಂಡಿರುವ ಮನೆಯವರು ಅದನ್ನು ಒಮ್ಮೆ ಹೊರತೆಗೆದು ಪಕ್ಕದವರ ಕೈಗೆ ಕೊಡಲಿ.