ತೋಟದ ನೀಲಿ ಔಷಧಿಯ ಊರು ಯಾವುದು?

ಜೂನ್ ಬಂತು ಅಂದ್ರೆ ಕಳಸ, ಕೊಪ್ಪ, ಶೃಂಗೇರಿ ಕಡೆ ಅಡಿಕೆಗೆ ಔಷಧಿ ಹೊಡೆಯೋ ಗಡಿಬಿಡಿ. ಮೂಡಿಗೆರೆಯ ಕಾಫಿ ಎಲೆ ಮೇಲೂ ಅದೇ ನೀಲಿ ಕಲೆ. ಮೈಲುತುತ್ತ, ಸುಣ್ಣ ಕಲಸಿದ ಆ ನೀರಿಗೆ ನಾವೆಲ್ಲ 'ಬೋರ್ಡೋ' ಅಂತೀವಿ. ಈ ಹೆಸರು ಎಲ್ಲಿಂದ ಬಂತು ಗೊತ್ತಾ?

ಬೋರ್ಡೋ ಅನ್ನೋದು ಫ್ರಾನ್ಸಿನ ಒಂದು ಊರು, ವೈನಿಗೆ ಹೆಸರುವಾಸಿ. ನಮ್ಮ ಔಷಧಿ ಹುಟ್ಟಿದ್ದು ದ್ರಾಕ್ಷಿ ತೋಟದಲ್ಲಿ!

1860ರ ದಶಕದಲ್ಲಿ ಅಮೆರಿಕದಿಂದ ಬಂದ ಒಂದು ಸಣ್ಣ ಕೀಟ ಫ್ರಾನ್ಸಿನ ದ್ರಾಕ್ಷಿ ಬೇರುಗಳನ್ನು ಹಾಳುಮಾಡಿತು. ಅಮೆರಿಕದ ಬಳ್ಳಿಯ ಬೇರು ಅದನ್ನು ತಡೆದುಕೊಳ್ಳುತ್ತೆ ಅಂತ ಅಲ್ಲಿಂದಲೇ ಬಳ್ಳಿ ತರಿಸಿ ಕಸಿ ಕಟ್ಟಿದರು. ಆ ಬಳ್ಳಿಗಳ ಜೊತೆ ಬೂಜು ರೋಗವೂ ಬಂತು. 1878ರಲ್ಲಿ ಫ್ರಾನ್ಸಲ್ಲಿ ಕಾಣಿಸಿಕೊಂಡಿತು. ಎಲೆ ಉದುರಿದರೆ ಹಣ್ಣಿಗೆ ಸಿಹಿ ಕೂಡಲ್ಲ, ವೈನು ಸಪ್ಪೆ. ರೋನ್ ನದಿಯ ಕಡೆಯ ಗ್ರೆನಾಷ್ ದ್ರಾಕ್ಷಿಯ ಗಟ್ಟಿ ವೈನಿಗೆ ಆ ಸಿಹಿಯೇ ಬಂಡವಾಳ. ಆ ತಳಿಗೆ ಈ ರೋಗ ಬೇಗ ತಗಲುತ್ತೆ ಕೂಡ.

1882ರಲ್ಲಿ ಬೋರ್ಡೋದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಮಿಲಾರ್ಡೆ ಒಂದು ವಿಚಿತ್ರ ನೋಡಿದರು. ದಾರಿ ಬದಿಯ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದಿತ್ತು. ವಿಚಾರಿಸಿದರೆ, ಹಣ್ಣು ಕದಿಯೋರನ್ನು ಹೆದರಿಸೋಕೆ ತೋಟದವರು ತುತ್ತ, ಸುಣ್ಣ ಎರಚಿದ್ದರಂತೆ! ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು.

ನಮ್ಮಲ್ಲಿಗೆ ಹೇಗೆ ಬಂತು? 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. ಆಗ ಮಲೆನಾಡಿನ ರೈತರು ಕೊಳೆರೋಗ ತಡೆಯೋಕೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಕೋಲ್ಮನ್ ರೋಗಕಾರಕವನ್ನು ಗುರುತಿಸಿ 1910ರಲ್ಲಿ ವರದಿ ಬರೆದರು, ಬೋರ್ಡೋ ಸಿಂಪಡಿಸಿ ಅಂದರು. ದ್ರಾಕ್ಷಿಯ ಬೂಜು, ಅಡಿಕೆಯ ಕೊಳೆ ಎರಡರ ಸೂಕ್ಷ್ಮಜೀವಿಗಳೂ ಒಂದೇ ಬಳಗದವು. ಅದಕ್ಕೇ ಅಲ್ಲಿನ ಔಷಧಿ ಇಲ್ಲೂ ನಾಟಿತು. ಕಾಫಿಯ ಎಲೆ ತುಕ್ಕು ರೋಗ ಬೇರೆ ಜಾತಿಯದು, ಆದರೂ ಬೋರ್ಡೋಗೆ ಬಗ್ಗುತ್ತೆ. ಅಡಿಕೆಗೆ ಶೇ. 1, ಅಂದ್ರೆ 100 ಲೀಟರ್ ನೀರಿಗೆ ತುತ್ತ, ಸುಣ್ಣ ಒಂದೊಂದು ಕಿಲೋ. ಕಾಫಿ ತುಕ್ಕಿಗೆ ಅದರರ್ಧ ಸಾಕು.

ಇನ್ನೊಂದು ಮಾತು. ಎಲೆಯಿಂದ ತೊಳೆದುಹೋದ ತಾಮ್ರ ಕರಗಿ ಮಾಯವಾಗಲ್ಲ, ಮಣ್ಣಲ್ಲೇ ಕೂರುತ್ತೆ. ಹೆಚ್ಚಾದರೆ ಎರೆಹುಳಕ್ಕೂ ಕಷ್ಟ. ಅದಕ್ಕೇ ಯುರೋಪಿನಲ್ಲಿ ಈಗ ಹೆಕ್ಟೇರಿಗೆ ಏಳು ವರ್ಷಕ್ಕೆ ಒಟ್ಟು 28 ಕಿಲೋ ತಾಮ್ರ ಅಂತ ಮಿತಿ ಹಾಕಿದ್ದಾರೆ. ನಮ್ಮ ತೋಟಗಳಿಗೆ ತಲೆಮಾರುಗಳಿಂದ ಹೊಡೀತಾನೇ ಇದ್ದೀವಿ. ಬಿಟ್ಟರೆ ಒಂದೇ ಮಳೆಗಾಲದಲ್ಲಿ ಫಸಲು ಹೋಗುತ್ತೆ, ನಿಜ. ಆದರೆ ಮಣ್ಣು ಪರೀಕ್ಷೆ ಮಾಡಿಸಿ ಎಷ್ಟು ದಿನ ಆಯ್ತು? ಮರ ಹತ್ತಿ ಔಷಧಿ ಹೊಡೆಯೋ ಅಣ್ಣನ ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇದೆಯಾ?

ಈ ಸಲ ಮನೇಲಿ ಕೇಳಿ ನೋಡಿ. ಕೊಟ್ಟೆ ಕಟ್ಟಿದ್ದು ನೆನಪಿರೋ ಅಜ್ಜ ಇದ್ದರೆ ಅವರ ಮಾತು ಕಮೆಂಟಲ್ಲಿ ಬರೀರಿ.

#ಮಲೆನಾಡು #ನಮ್ಮೂರಚರಿತ್ರೆ #ಬೋರ್ಡೋ